ಏನೂ ಇಲ್ಲದ ಜಾಗಕ್ಕೆ ಬಾಡಿಗೆ

ಜಾಹೀರಾತಿನಲ್ಲಿ ಇಲ್ಲದ್ದರ ಪಟ್ಟಿಯೇ ಉದ್ದ. ಕರೆಂಟಿಲ್ಲ, ನಲ್ಲಿಯಿಲ್ಲ, ಕಕ್ಕಸಿಲ್ಲ, ಕಸದ ತೊಟ್ಟಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಕೂಗಿದರೆ ಓಗೊಡುವಷ್ಟು ಹತ್ತಿರ ಇನ್ನೊಂದು ಟೆಂಟೂ ಇಲ್ಲ. ಇರುವುದು ಒಂದು ಹೊಳೆ, ಅದರ ದಂಡೆಯ ಹುಲ್ಲುಗಾವಲು, ಅಲ್ಲಿಗೆ ಇಳಿಯುವ ಮಣ್ಣಿನ ದಾರಿ. ಇಷ್ಟಕ್ಕೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆ. ಆಸ್ಟ್ರೇಲಿಯಾದ ಇಂಥ ಖಾಸಗಿ ಜಮೀನುಗಳಲ್ಲಿ ಟೆಂಟು ಹಾಕಲು ಜನ ಈಸ್ಟರ್ ರಜೆ ದೂರವಿರುವಾಗಲೇ ಜಾಗ ಹಿಡಿದಿಟ್ಟುಕೊಳ್ಳುತ್ತಾರೆ. ನಮ್ಮ ಜಂಗಲ್ ಲಾಡ್ಜಸ್‌ನವರ ಭೀಮೇಶ್ವರಿಯಲ್ಲಿ ಕಾವೇರಿ ದಂಡೆಗೆ ಹೋದವರಿಗೆ ಹಾಸಿಗೆ, ಸ್ನಾನದ ಮನೆ, ಹೊತ್ತಿಗೆ ಸರಿಯಾಗಿ ಊಟ ಎಲ್ಲವೂ ಸಿದ್ಧವಿರುತ್ತದೆ. ಇಲ್ಲಿ ಜಮೀನಿನವರು ಕೊಡುವುದು ದಾರಿಯ ಗುರುತು ಮತ್ತು ಗೇಟಿನ ಬೀಗದ ನಂಬರು, ಅಷ್ಟೇ.

ಸೆಲ್ಫ್ ಸಫಿಶಿಯೆಂಟ್ ಕ್ಯಾಂಪಿಂಗ್ ಎಂದು ಇದಕ್ಕೆ ಹೆಸರು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆನಿಂತ ಕನ್ನಡದ ಮನೆಗಳಿಗೂ ಈಗ ಈ ಗೀಳು ಹತ್ತಿದೆ. ಹೊರಡುವ ಮೊದಲು ನಡೆಯುವ ಮಾತೆಲ್ಲ ಬ್ಯಾಟರಿ, ಸೋಲಾರ್ ಪ್ಯಾನೆಲ್, ಕಾರಿನ ಫ್ರಿಜ್ಜು ಇವುಗಳ ಸುತ್ತಲೇ. ಯಾವ ಕಂಪನಿಯದು, ಎಷ್ಟು ಆಂಪಿಯರು, ಎಷ್ಟಕ್ಕೆ ಸಿಕ್ಕಿತು. ನನಗೆ ಇದು ತಲೆಕೆಳಗಾದ ಲೆಕ್ಕ ಅನ್ನಿಸುತ್ತದೆ. ಇವತ್ತಿನ ದಿನದಲ್ಲಿ ಕಾಡಿನಲ್ಲಿ ಸುಲಭವಾಗಿ ದಕ್ಕುವ ವಸ್ತುವೆಂದರೆ ಕರೆಂಟೇ. ಕಷ್ಟವಿರುವುದು ಕುಡಿಯುವ ನೀರಿನಲ್ಲಿ ಮತ್ತು ನಮ್ಮದೇ ಹೊಲಸಿನಲ್ಲಿ. ಒಂದನ್ನು ಹೊತ್ತು ತರಬೇಕು, ಇನ್ನೊಂದನ್ನು ಹೊತ್ತು ಒಯ್ಯಬೇಕು. ಅಂಗಡಿಯ ಕಿಟಕಿಯಲ್ಲಿ ಇವೆರಡೂ ಹೊಳೆಯುವುದಿಲ್ಲವಾದ್ದರಿಂದ ಯಾರೂ ಮಾತಾಡುವುದಿಲ್ಲ.

ಒಂದೇ ಹೊಳೆಯನ್ನು ಹಿಡಿದು ಹೇಳುತ್ತೇನೆ. ನ್ಯೂ ಸೌತ್ ವೇಲ್ಸ್ ರಾಜ್ಯದ ಮಕ್ಲೇ ನದಿ ನ್ಯೂ ಇಂಗ್ಲೆಂಡ್ ಎಂಬ ಪ್ರಸ್ಥಭೂಮಿಯ ನೀರನ್ನೆಲ್ಲ ಕೂಡಿಸಿಕೊಂಡು, ಆಕ್ಸ್‌ಲಿ ವೈಲ್ಡ್ ರಿವರ್ಸ್ ರಾಷ್ಟ್ರೀಯ ಉದ್ಯಾನದ ಆಳವಾದ ಕಮರಿಗಳಲ್ಲಿ ಇಳಿದು, ಬೆಲ್‌ಬ್ರೂಕ್ ಎಂಬ ಪುಟ್ಟ ಊರನ್ನೂ ಕೆಂಪ್ಸಿ ಪಟ್ಟಣವನ್ನೂ ದಾಟಿ ಪೆಸಿಫಿಕ್ ಸಾಗರ ಸೇರುತ್ತದೆ. ಕೆಂಪ್ಸಿ ಇರುವುದು ಸಿಡ್ನಿಯಿಂದ ಉತ್ತರಕ್ಕೆ ನಾನೂರಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿ. ಅಕುಬ್ರಾ ಟೋಪಿಗಳು ತಯಾರಾಗುವ ಊರು. ಆಸ್ಟ್ರೇಲಿಯಾದ ಹಳ್ಳಿಗಾಡಿನ ಹಾಡುಗಾರ ಸ್ಲಿಮ್ ಡಸ್ಟಿ 1927ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲೇ. ಬೆಳೆದದ್ದು ನಲ್ಲಾ ನಲ್ಲಾ ಹಳ್ಳದ ಪಕ್ಕದ ಹೈನಿನ ಜಮೀನಿನಲ್ಲಿ. ಕೆಂಪ್ಸಿಯಿಂದ ಘಟ್ಟದ ಮೇಲಿನ ಆರ್ಮಿಡೇಲ್‌ಗೆ ಹೋಗುವ ರಸ್ತೆ ಬಹುದೂರ ಹೊಳೆಯ ಜೊತೆಗೇ ಸಾಗುತ್ತದೆ. ಟಾರು ಮುಗಿದು ಜಲ್ಲಿಮಣ್ಣು ಶುರುವಾಗುವ ಹೊತ್ತಿಗೆ ಫೋನು ಸುಮ್ಮನಾಗಿರುತ್ತದೆ. ಈ ದೇಶದ ಅತಿ ದೊಡ್ಡ ಮೊಬೈಲ್ ಜಾಲ ಜನರಲ್ಲಿ ನೂರಕ್ಕೆ 99 ಮಂದಿಯನ್ನು ಮುಟ್ಟುತ್ತದೆ, ನೆಲದಲ್ಲಿ ಮಾತ್ರ ಮೂರರಲ್ಲಿ ಒಂದು ಪಾಲನ್ನಷ್ಟೇ. ಬಿಡಾರದ ಜಾಗಗಳು ಉಳಿದ ಎರಡು ಪಾಲಿನಲ್ಲಿವೆ.

ಇಲ್ಲಿಯ ರೈತರು ದಂಡೆಯನ್ನು ಬಾಡಿಗೆಗೆ ಬಿಡುವುದಕ್ಕೆ ಕಾರಣವೂ ಇದೆ. ಕರಾವಳಿಯ ಹೊಳೆಬಯಲುಗಳೆಲ್ಲ ಒಂದು ಕಾಲಕ್ಕೆ ಹಾಲಿನ ಸೀಮೆಗಳು. 2000ದ ಜುಲೈಯಲ್ಲಿ ಸರ್ಕಾರ ಹಾಲಿನ ಬೆಲೆಯ ನಿಯಂತ್ರಣವನ್ನು ತೆಗೆದ ಮೇಲೆ ಎಷ್ಟೋ ಸಣ್ಣ ಡೈರಿಗಳು ಮುಚ್ಚಿದವು. ದನ ಸಾಕಣೆ ಉಳಿಯಿತು, ಆದರೆ ಅದು ಮಳೆಯನ್ನು ನಂಬಿದ ಬದುಕು. ಹುಲ್ಲು ಒಣಗಿದ ವರ್ಷವೂ ಹೊಳೆಯ ಅಂಚಿಗೆ ಪೇಟೆಯವರು ಬರುತ್ತಾರೆಂದರೆ ಯಾರು ಬೇಡವೆನ್ನುತ್ತಾರೆ?

ದಂಡೆಯ ಜಗಳ ಹಳೆಯದೇ. ಬ್ಯಾಂಜೊ ಪ್ಯಾಟರ್ಸನ್ 1895ರಲ್ಲಿ ಬರೆದ, ಇಲ್ಲಿನವರಿಗೆ ರಾಷ್ಟ್ರಗೀತೆಗಿಂತ ಹೆಚ್ಚು ಬಾಯಿಗೆ ಬರುವ 'ವಾಲ್ಟ್ಸಿಂಗ್ ಮಟಿಲ್ಡಾ' ಹಾಡಿನ ಕತೆಯೇ ಅದು: ಹಾಸಿಗೆಯ ಸುರುಳಿ ಹೊತ್ತ ಅಲೆಮಾರಿ ಕೂಲಿಯೊಬ್ಬ ನೀರಿನ ಪಕ್ಕ ಬಿಡಾರ ಹೂಡುತ್ತಾನೆ, ಕುರಿಯೊಂದನ್ನು ಹಿಡಿದು ಚೀಲಕ್ಕೆ ಹಾಕಿಕೊಳ್ಳುತ್ತಾನೆ, ಜಮೀನುದಾರ ಪೊಲೀಸರೊಡನೆ ಕುದುರೆ ಏರಿ ಬರುತ್ತಾನೆ, ಇವನು ನೀರಿಗೆ ಹಾರುತ್ತಾನೆ. ಅವನು ಹೊತ್ತಿದ್ದ ಸ್ವ್ಯಾಗ್ ಎಂಬ ಹಾಸಿಗೆ ಸುರುಳಿ ಇವತ್ತು ಜಿಪ್ಪು, ಸೊಳ್ಳೆಪರದೆ, ಫೋಮು ಸೇರಿಸಿಕೊಂಡು ಅಂಗಡಿಗಳಲ್ಲಿ ನೂರಾರು ಡಾಲರಿಗೆ ಮಾರಾಟವಾಗುತ್ತಿದೆ. ಕೂಲಿಯವನ ಗತಿಗೇಡು ಪೇಟೆಯವನ ವಾರಾಂತ್ಯವಾಗಿರುವುದು ಹೀಗೆ.

ಇನ್ನು ನೀರು. ನಾಲ್ಕು ಜನದ ಮನೆಯೊಂದು ಮೂರು ರಾತ್ರಿಗೆ ಹೋಗುತ್ತದೆ ಎಂದುಕೊಳ್ಳಿ. ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ ಐದು ಲೀಟರು ಹಿಡಿದರೆ ನಾಲ್ಕು ಹಗಲಿಗೆ 80 ಲೀಟರು. ಗಾಡಿ ಕೆಟ್ಟು ನಿಂತರೆಂದು ಇನ್ನೊಂದು 20. ಒಟ್ಟು ನೂರು ಲೀಟರು, ಅಂದರೆ ನೂರು ಕಿಲೋ. ಇಪ್ಪತ್ತು ಲೀಟರಿನ ಐದು ಜೆರಿ ಕ್ಯಾನುಗಳು. ಟೆಂಟು, ಬ್ಯಾಟರಿ, ಅಡಿಗೆ ಸಾಮಾನು ಯಾವುದೂ ಇಷ್ಟು ತೂಗುವುದಿಲ್ಲ. ಆದ್ದರಿಂದ ಕಾರು ತುಂಬುವಾಗ ಮೊದಲ ಜಾಗ ನೀರಿಗೆ. ಕೆಳಗೆ, ಹಿಂದಿನ ಗಾಲಿಗಳ ಅಚ್ಚಿಗಿಂತ ಮುಂದಕ್ಕೆ. ಕೊನೆಗೆ ಎಲ್ಲೋ ತುರುಕಿದರಾಯಿತು ಎಂದು ಛಾವಣಿಯ ಮೇಲೇರಿಸಿದರೆ ತಿರುವುಗಳಲ್ಲಿ ಗಾಡಿ ಹೊಯ್ದಾಡುತ್ತದೆ.

ಎದುರಿಗೇ ಹೊಳೆ ಹರಿಯುತ್ತಿರುವಾಗ ನೀರು ಹೊರುವುದು ಯಾಕೆ? ಊರಿಂದ ಬಂದವರು ಕೇಳಿಯೇ ಕೇಳುತ್ತಾರೆ. ಮಕ್ಲೇಯ ನೀರು ತಳದ ಬೆಣಚುಕಲ್ಲು ಎಣಿಸುವಷ್ಟು ತಿಳಿ. ಆದರೆ ಮೇಲ್ದಂಡೆಯಲ್ಲಿ ದನಗಳು ಮೇಯುತ್ತವೆ, ಹೊಳೆಗೆ ಇಳಿಯುತ್ತವೆ. ಅದು ಸಣ್ಣ ತೊಂದರೆ, ನೀರನ್ನು ಒಂದು ನಿಮಿಷ ಕೊತಕೊತ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ದೊಡ್ಡ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಆರ್ಮಿಡೇಲ್‌ನ ಪೂರ್ವಕ್ಕೆ, ಕಮರಿಯ ಅಂಚಿನಲ್ಲಿ ಹಿಲ್‌ಗ್ರೋವ್ ಎಂಬ ಊರಿದೆ. 19ನೇ ಶತಮಾನದಿಂದ ಅಲ್ಲಿ ಚಿನ್ನ ಮತ್ತು ಆಂಟಿಮನಿಯ ಗಣಿಗಾರಿಕೆ ನಡೆದಿದೆ. ಹಳೆಯ ಕಾಲದ ಗಣಿತ್ಯಾಜ್ಯ ಹಳ್ಳಗಳಿಗೆ ಜಾರಿ ಮಕ್ಲೇಗೆ ಇಳಿದಿದೆ. ಹೊಳೆಯ ಹೂಳಿನಲ್ಲಿ ಆಂಟಿಮನಿ ಮತ್ತು ಆರ್ಸೆನಿಕ್ ಬಹುದೂರದವರೆಗೆ ಸಿಗುತ್ತವೆ. ಕುದಿಸುವುದರಿಂದ ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಟೊಳ್ಳು ನಾರಿನ ಫಿಲ್ಟರು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಕರಗಿದ ಲೋಹವನ್ನು ಬಿಟ್ಟುಬಿಡುತ್ತದೆ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಕಲ್ಲಿನ ಪಟ್ಟಿಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಆರ್ಸೆನಿಕ್ ಬಗ್ಗೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿನ್ನವಿರುವ ಕಲ್ಲಿನಲ್ಲಿ ಆರ್ಸೆನಿಕ್ಕೂ ಸಾಮಾನ್ಯವಾಗಿ ಜೊತೆಗಿರುತ್ತದೆ. ಬೇಸಿಗೆಯಲ್ಲಿ ನಿಂತ ಮಡುಗಳಲ್ಲಿ ನೀಲಿಹಸಿರು ಪಾಚಿ ಕಟ್ಟಿದರೆ ಅದರ ವಿಷವೂ ಕುದಿತಕ್ಕೆ ಬಗ್ಗದು. ಹೊಳೆ ಮೀಯಲಿಕ್ಕೆ, ನೋಡಲಿಕ್ಕೆ. ಕುಡಿಯಲಿಕ್ಕೆ ಪೇಟೆಯ ನಲ್ಲಿಯ ನೀರು.

ಜಮೀನಿನವರ ಮನೆಯಲ್ಲಿ ಕೇಳಿದರಾಯಿತಲ್ಲ ಎನ್ನಬೇಡಿ. ಈ ಕಡೆಯ ಒಂಟಿ ಮನೆಗಳು ಛಾವಣಿಯ ಮೇಲೆ ಬಿದ್ದ ಮಳೆನೀರನ್ನೇ ಟ್ಯಾಂಕಿಗೆ ತುಂಬಿಸಿ ವರ್ಷವಿಡೀ ಕುಡಿಯುತ್ತವೆ. ಕೇಳಿದರೆ ಇಲ್ಲವೆನ್ನಲಾರರು, ಕೇಳಬಾರದು ಅಷ್ಟೇ.

ನೀರು ಉಳಿಯುವುದು ಅಡಿಗೆಯಲ್ಲಿ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಒಂದು ಡಬ್ಬಿಯಲ್ಲಿಟ್ಟರೆ ಪಾತ್ರೆಯ ಮೊದಲ ಸುತ್ತು ಅದರಲ್ಲೇ ಮುಗಿಯುತ್ತದೆ. ಸಾರಿನ ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಬೇಕು. ಎಣ್ಣೆ, ಅರಿಸಿನ ಎರಡೂ ಕಾಗದಕ್ಕೆ ಹತ್ತಿದ ಮೇಲೆ, ತುಂತುರು ಬಾಟಲಿಯಲ್ಲಿ ವಿನೆಗರ್ ಬೆರೆಸಿದ ನೀರು ಹಿಡಿದು ನಾಲ್ಕು ಸಲ ಒತ್ತಿದರೆ ತಟ್ಟೆ ಶುಭ್ರ. ಇದಕ್ಕೆ ಬೇಕಾಗುವುದು ಅರ್ಧ ಲೋಟ ನೀರು. ಪ್ರೆಶರ್ ಕುಕ್ಕರ್ ಒಯ್ಯುವವರನ್ನು ಕಂಡು ಇಲ್ಲಿಯವರು ನಗುತ್ತಾರೆ, ಆದರೆ ಗ್ಯಾಸೂ ನೀರೂ ಉಳಿಸುವ ಪಾತ್ರೆ ಇನ್ನೊಂದಿಲ್ಲ. ನಮ್ಮ ಅಡಿಗೆಮನೆಯ ಅರ್ಧ ಸಾಮಾನು ಹೇಗೂ ಫ್ರಿಜ್ಜು ಬೇಡದ್ದು: ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಬೂದಿಯಲ್ಲಿ ಹೂತು ಬೇಯಿಸುವ ಡ್ಯಾಂಪರ್ ರೊಟ್ಟಿಯನ್ನು ಇಲ್ಲಿನವರು ಹೊಗಳಿದ್ದೇ ಹೊಗಳಿದ್ದು. ಹಿಟ್ಟು, ಉಪ್ಪು, ನೀರು ಕಲಸಿದ್ದು, ಬಿಸಿಯಿದ್ದಾಗ ಚೆನ್ನ. ಆರಿದ ಮೇಲೆ ಅದರ ವಿಷಯ ಮಾತಾಡದಿರುವುದೇ ಮರ್ಯಾದೆ.

ಸೋಪಿನ ನೀರನ್ನು ಹೊಳೆಗೆ ಬಿಡುವಂತಿಲ್ಲ. 'ಮಣ್ಣಲ್ಲಿ ಕರಗುತ್ತದೆ' ಎಂದು ಬಾಟಲಿಯ ಮೇಲೆ ಬರೆದಿದ್ದರೆ ಅದು ಮಣ್ಣಲ್ಲೇ ಕರಗುತ್ತದೆ, ನೀರಲ್ಲಲ್ಲ. ದಂಡೆಯಿಂದ ದೂರ ಒಯ್ದು ಚೆಲ್ಲಬೇಕು.

ಎರಡನೆಯ ಸಂಗತಿಗೆ ಬರೋಣ. ತೀರ್ಥಹಳ್ಳಿ ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಸಲಿಕೆಯನ್ನೂ ಕಾಗದದ ಸುರುಳಿಯನ್ನೂ ನೋಡಿ, "ದುಡ್ಡು ಕೊಟ್ಟು ಬಯಲಿಗೆ ಹೋಗೋಕೆ ಇಷ್ಟು ದೂರ ಬರಬೇಕಿತ್ತೇನೋ ಮಾರಾಯ?" ಎಂದರು. ಮಗ, "ಅಪ್ಪಯ್ಯ, ಹೋಗೋದಷ್ಟೇ ಅಲ್ಲ, ವಾಪಸ್ಸೂ ತರಬೇಕು" ಎಂದ. ಆಮೇಲೆ ಅವರು ಮಾತಾಡಲಿಲ್ಲ.

ಈ ರಾಜ್ಯದ ರಾಷ್ಟ್ರೀಯ ಉದ್ಯಾನಗಳ ನಿಯಮ ಇಷ್ಟು: ಕಕ್ಕಸಿಲ್ಲದ ಕಡೆ ಬಿಡಾರದಿಂದಲೂ ನೀರಿನಿಂದಲೂ 100 ಮೀಟರು ದೂರ ನಡೆದು, 15 ಸೆಂಟಿಮೀಟರು ಆಳದ ಗುಂಡಿ ತೋಡಿ, ಮುಚ್ಚಿ ಬರಬೇಕು. ಹದಿನೈದೇ ಯಾಕೆ ಎಂದರೆ ಮೇಲ್ಮಣ್ಣಿನ ಆ ಪದರದಲ್ಲೇ ಕೊಳೆಸುವ ಜೀವಾಣುಗಳಿರುವುದು. ತೀರ ಆಳಕ್ಕಿಳಿದರೆ ಕೊಳೆಯುವುದು ನಿಧಾನ, ತೀರ ಮೇಲಿದ್ದರೆ ನಾಯಿ ನರಿ ಕೆದಕುತ್ತವೆ. ದೊಡ್ಡ ಕಾಡಿನಲ್ಲಿ ಒಬ್ಬಿಬ್ಬರಿಗೆ ಈ ಲೆಕ್ಕ ಸರಿಹೋಗುತ್ತದೆ. ಬಾಡಿಗೆ ದಂಡೆಯಲ್ಲಿ ಸರಿಹೋಗುವುದಿಲ್ಲ, ಏಕೆಂದರೆ ಅದೇ ಹುಲ್ಲುಗಾವಲಿಗೆ ಬೇಸಿಗೆಯುದ್ದಕ್ಕೂ ಒಬ್ಬರ ಹಿಂದೊಬ್ಬರು ಬರುತ್ತಾರೆ, ಎಲ್ಲರ ಕಣ್ಣಿಗೂ ಅದೇ ಪೊದೆಯ ಮರೆ ಬೀಳುತ್ತದೆ. ಮೇಲಾಗಿ ಹೊಳೆಬಯಲು ಎಂಬುದು ಹೊಳೆಯದೇ ಜಾಗ. ನೆರೆ ಬಂದಾಗ ಹೂತದ್ದೆಲ್ಲ ಎದ್ದು ಕೆಳಗಿನ ಊರಿಗೆ ಹೋಗುತ್ತದೆ. ಆದ್ದರಿಂದ ಈಗ ಎಷ್ಟೋ ಜಮೀನಿನವರು ಕಕ್ಕಸು ನಿಮ್ಮದೇ ತನ್ನಿ ಎಂದು ಷರತ್ತು ಹಾಕುತ್ತಾರೆ. ಪೋರ್ಟಾ ಪಾಟಿ ಎಂಬುದು ಎರಡು ಅಂತಸ್ತಿನ ಪೆಟ್ಟಿಗೆ: ಮೇಲೆ ಕೂರುವ ಜಾಗ ಮತ್ತು ತೊಳೆಯುವ ನೀರು, ಕೆಳಗೆ ಬಿಗಿಯಾಗಿ ಮುಚ್ಚುವ ಕ್ಯಾಸೆಟ್ಟು, ನಡುವೆ ಎಳೆಯುವ ಬಾಗಿಲು. ತುಂಬಿದ ಕ್ಯಾಸೆಟ್ಟನ್ನು ಕಾರಿನಲ್ಲಿಟ್ಟುಕೊಂಡು ಪಟ್ಟಣದ ಡಂಪ್ ಪಾಯಿಂಟಿನಲ್ಲಿ ಖಾಲಿ ಮಾಡಬೇಕು. ಜೆರಿ ಕ್ಯಾನು ಹೊರುವಾಗ ಇದ್ದ ಉತ್ಸಾಹ ಇದನ್ನು ಹೊರುವಾಗ ಯಾರಲ್ಲೂ ಕಾಣುವುದಿಲ್ಲ. ಮನೆಯವರೆಲ್ಲ ದಿಢೀರನೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ನಲವತ್ತು ಲೀಟರಿನ ಹನ್ನೆರಡು ವೋಲ್ಟಿನ ಫ್ರಿಜ್ಜು ನೆರಳಿನಲ್ಲಿದ್ದರೆ ಬೇಸಿಗೆಯ ದಿನಕ್ಕೆ ಸುಮಾರು 30ರಿಂದ 40 ಆಂಪಿಯರ್ ಅವರ್ ನುಂಗುತ್ತದೆ. ದೀಪ, ಫೋನುಗಳಿಗೆ ಇನ್ನೊಂದು ಹತ್ತು. ನೂರು ಆಂಪಿಯರ್ ಅವರಿನ ಲಿಥಿಯಂ ಬ್ಯಾಟರಿಯಿದ್ದರೆ ಬಿಸಿಲೇ ಇಲ್ಲದೆ ಹತ್ತಿರಹತ್ತಿರ ಎರಡು ದಿನ ನಡೆಯುತ್ತದೆ. ಹಳೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಬಾಳಿಕೆ ಕೆಡುತ್ತದೆ, ಹಾಗಾಗಿ ಅದು ಒಂದೇ ದಿನಕ್ಕೆ. ಇನ್ನೂರು ವ್ಯಾಟಿನ ಪ್ಯಾನೆಲ್ಲು ಒಳ್ಳೆಯ ಬಿಸಿಲಿನಲ್ಲಿ ಖರ್ಚನ್ನು ತುಂಬಿಕೊಡುತ್ತದೆ. ಕರ್ನಾಟಕದಿಂದ ಬಂದವರು ಮರೆಯಬಾರದ್ದು ಒಂದೇ, ಇಲ್ಲಿ ಪ್ಯಾನೆಲ್ಲಿನ ಮುಖ ಉತ್ತರಕ್ಕೆ. ಸೂರ್ಯ ಈ ಗೋಳಾರ್ಧದಲ್ಲಿ ಉತ್ತರದ ಬಾನಿನಲ್ಲಿ ಹಾಯುತ್ತಾನೆ. ಕಮರಿಯ ತಳದಲ್ಲಿ ಚಳಿಗಾಲದ ಬಿಸಿಲು ತಡವಾಗಿ ಇಳಿದು ಬೇಗ ಏರಿಹೋಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಹಿಮ ಬೀಳುವ ಬೆಳಗಿನಲ್ಲಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜು ಹಾಕಬಾರದು.

ಫ್ರಿಜ್ಜಿಲ್ಲದ ಕಾಲಕ್ಕೂ ಇಲ್ಲಿ ಉಪಾಯವಿತ್ತು. 1890ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕೂಲ್‌ಗಾರ್ಡಿಯ ಚಿನ್ನದ ಗಣಿಯವರು ಗೋಣಿಬಟ್ಟೆ ಹೊದಿಸಿದ ಚೌಕಟ್ಟಿನ ತಲೆಯ ಮೇಲೆ ನೀರಿನ ತಟ್ಟೆ ಇಟ್ಟರು. ನೀರು ಗೋಣಿಗೆ ಇಳಿಯುತ್ತ, ಗಾಳಿಗೆ ಆರುತ್ತ, ಒಳಗಿನ ಮಾಂಸ ಬೆಣ್ಣೆಗಳನ್ನು ತಂಪಾಗಿಡುತ್ತಿತ್ತು. ನಮ್ಮ ಮಣ್ಣಿನ ಹೂಜಿ ಬೆವರಿ ತಣ್ಣಗಾಗುವ ಹಾಗೆಯೇ. ಬ್ಯಾಟರಿ ಸತ್ತ ದಿನ ಮೊಸರಿನ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗಿಟ್ಟರೆ ಇವತ್ತೂ ನಡೆಯುತ್ತದೆ.

ಟೆಂಟು ಎಲ್ಲಿ ಹೂಡಬೇಕು ಎನ್ನುವುದನ್ನು ಹೊಳೆಯ ಮರಗಳೇ ಹೇಳುತ್ತವೆ. ಮಕ್ಲೇಯ ದಂಡೆಯುದ್ದಕ್ಕೂ ನಿಂತಿರುವುದು ರಿವರ್ ಓಕ್. ಹೆಸರಿನಲ್ಲಿ ಓಕ್ ಇದ್ದರೂ ಅದು ಸರ್ವೆಯ ಜಾತಿ. ಕಾರವಾರದ ಕಡಲ ಮರಳಿನಲ್ಲಿ ನೆಟ್ಟ ಗಾಳಿಮರದ ದಾಯಾದಿ. ಅದರ ಹಿಂದೆ, ಏರಿನಲ್ಲಿ ನೀಲಗಿರಿ. ಕನ್ನಡ ಸೀಮೆಯವರಿಗೆ ಎರಡೂ ಕಂಡ ಮುಖಗಳೇ, ಅಲ್ಲೇ ಮೋಸ. ನಮ್ಮಲ್ಲಿ ನೀಲಗಿರಿಯನ್ನು ಹತ್ತು ವರ್ಷ ತುಂಬುವ ಮೊದಲೇ ಗಳ ಮಾಡಿ ಕಡಿಯುತ್ತಾರೆ, ಅದರ ಮುಪ್ಪನ್ನು ನಾವು ನೋಡಿಯೇ ಇಲ್ಲ. ನೂರಾರು ವರ್ಷದ ನೀಲಗಿರಿ ಗಾಳಿಯಿಲ್ಲದ ಬಿಸಿ ಮಧ್ಯಾಹ್ನದಲ್ಲೂ ಮುನ್ಸೂಚನೆ ಕೊಡದೆ ತೊಲೆಯಷ್ಟು ದಪ್ಪದ ಕೊಂಬೆಯನ್ನು ಕೆಡವುತ್ತದೆ. ಇಂಥ ಕೊಂಬೆಗೆ ಇಲ್ಲಿಯವರು ಇಟ್ಟಿರುವ ಹೆಸರು 'ವಿಡೋ ಮೇಕರ್'. ನೆರಳು ಎಷ್ಟೇ ಕರೆದರೂ ಮುದಿ ನೀಲಗಿರಿಯ ಕೆಳಗೆ ಮಲಗಬಾರದು.

ಸರ್ವೆಯನ್ನು ಓದುವ ಕ್ರಮ ಬೇರೆ. ಅದರ ಕೊಂಬೆಗಳ ಸಂದಿನಲ್ಲಿ ಒಣಹುಲ್ಲು, ಕಡ್ಡಿ, ಒಂದೆರಡು ಪ್ಲಾಸ್ಟಿಕ್ ಚೂರು, ಕೆಲವೊಮ್ಮೆ ಬೇಲಿಯ ತಂತಿ ಸಿಕ್ಕಿಹಾಕಿಕೊಂಡಿರುತ್ತದೆ. ಹಕ್ಕಿಗೂಡೆಂದುಕೊಂಡರೆ ತಪ್ಪು. ಕಳೆದ ನೆರೆ ಏರಿದ ಮಟ್ಟ ಅದು, ಎಷ್ಟೋ ಕಡೆ ನಿಂತವನ ತಲೆಗಿಂತ ಬಹಳ ಮೇಲೆ. 2021ರ ಮಾರ್ಚಿನಲ್ಲಿ ಈ ಕರಾವಳಿಯ ಹೊಳೆಗಳೆಲ್ಲ ಉಕ್ಕಿದವು, ಕೆಂಪ್ಸಿಯ ತಗ್ಗುಗಳಿಗೆ ನೀರು ನುಗ್ಗಿತು. ಬಿಡಾರದ ಮೇಲೆ ನಕ್ಷತ್ರ ತುಂಬಿದ ಬಾನಿದ್ದಾಗಲೂ ಘಟ್ಟದ ಮೇಲೆ ಸುರಿದ ಗುಡುಗುಮಳೆ ರಾತ್ರಿ ಕಳೆಯುವುದರೊಳಗೆ ಇಲ್ಲಿಗೆ ತಲುಪಬಹುದು. ಆದ್ದರಿಂದ ನೀರಿನ ಅಂಚಿನ ಮರಳು ಹಗಲಿಗೆ. ರಾತ್ರಿಗೆ ಮೇಲಿನ ಮೆಟ್ಟಿಲು. ಬರುವ ದಾರಿಯಲ್ಲಿ ಹಳ್ಳ ದಾಟಿದ್ದರೆ ವಾಪಸ್ಸು ಅದೇ ಹಳ್ಳ ದಾಟಬೇಕೆಂಬುದೂ ನೆನಪಿರಲಿ. ನೀರೇರಿದ್ದರೆ ಕಾಯುವುದೊಂದೇ ದಾರಿ. ಒಂದು ದಿನದ ಊಟ ಹೆಚ್ಚಿಗೆ ಒಯ್ಯುವುದು ಇದಕ್ಕೇ.

ಬೆಂಕಿಯ ವಿಷಯದಲ್ಲಿ ಈ ದೇಶ ತಮಾಷೆ ಸಹಿಸುವುದಿಲ್ಲ, ಸಹಿಸದಿರಲು ಕಾರಣವೂ ಇದೆ. 2019-20ರ ಬೇಸಿಗೆಯ ಕಾಳ್ಗಿಚ್ಚು ದೇಶದುದ್ದಕ್ಕೂ 240 ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲವನ್ನು ಸುಟ್ಟಿತು, 33 ಮಂದಿ ಸತ್ತರು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು ಹೋದವು. 2022ರ ಸೆಪ್ಟೆಂಬರಿನಿಂದ ಇಡೀ ದೇಶಕ್ಕೆ ಒಂದೇ ಎಚ್ಚರಿಕೆಯ ಅಳತೆ ಬಂದಿದೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕಟಾಸ್ಟ್ರಾಫಿಕ್. 'ಟೋಟಲ್ ಫೈರ್ ಬ್ಯಾನ್' ಘೋಷಣೆಯಾದ ದಿನ ಸೌದೆ ಒಲೆ ಇಲ್ಲವೇ ಇಲ್ಲ. ಸಿಗ್ನಲ್ ಇಲ್ಲದ ಕಡೆ ಘೋಷಣೆ ತಿಳಿಯುವುದು ಹೇಗೆಂದರೆ ರೇಡಿಯೊದಿಂದ, ಇಲ್ಲವೇ ಜಮೀನಿನವರ ಮನೆಗೆ ಹೋಗಿ ಕೇಳುವುದರಿಂದ.

ಬೆಂಕಿ ಹಾಕಬಹುದಾದ ದಿನವೂ ಮೂರು ಮಾತು. ಹೊಳೆಗಲ್ಲುಗಳನ್ನು ಒಲೆಗುಂಡಾಗಿ ಇಡಬಾರದು. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ. ಬಿದ್ದ ಮರವೆಂದು ಪೊಟರೆಯ ದಿಮ್ಮಿಗಳನ್ನು ಎಳೆದು ತರಬಾರದು. ಈ ದೇಶದ ಮುನ್ನೂರಕ್ಕೂ ಹೆಚ್ಚು ಜಾತಿಯ ಪ್ರಾಣಿಪಕ್ಷಿಗಳು ಪೊಟರೆಗಳನ್ನು ಮನೆ ಮಾಡಿಕೊಂಡಿವೆ, ನೀಲಗಿರಿಯಲ್ಲಿ ಒಳ್ಳೆಯ ಪೊಟರೆ ಆಗಲು ನೂರು ವರ್ಷ ಹಿಡಿಯುತ್ತದೆ. ಸೌದೆಯನ್ನು ಪೇಟೆಯಿಂದಲೇ ತಂದರೆ ವಾಸಿ. ಇನ್ನು ಕೆಂಡವನ್ನು ಮರಳಿನಿಂದ ಮುಚ್ಚಕೂಡದು. ಮರಳು ಬಿಸಿಯನ್ನು ಹಿಡಿದಿಡುತ್ತದೆ, ಬೆಳಗಾದ ಮೇಲೂ ಸುಡುತ್ತಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಬರಿಗಾಲಿನ ಮಕ್ಕಳು ಓಡಿಬಂದು ಕಾಲಿಡುವುದು ಅಲ್ಲೇ. ಬಕೆಟ್ಟುಗಟ್ಟಲೆ ಹೊಳೆನೀರು ಸುರಿದು, ಕಲಕಿ, ಮತ್ತೆ ಸುರಿದು, ಅಂಗೈ ತಾಗಿಸಿ ನೋಡಿದ ಮೇಲೆಯೇ ಮಲಗಬೇಕು. ಚಳಿಯೆಂದು ಕೆಂಡದ ಬಾಣಲೆಯನ್ನು ಟೆಂಟಿನೊಳಗೆ ತಂದುಕೊಂಡು ವಿಷಗಾಳಿಗೆ ಜೀವ ಬಿಟ್ಟವರಿದ್ದಾರೆ.

ಮೊಸಳೆ ಇದೆಯೇ ಎಂದು ಊರಿನವರೆಲ್ಲ ಕೇಳುತ್ತಾರೆ. ಇಲ್ಲ, ಅವಿರುವುದು ಬಹುದೂರದ ಉತ್ತರದ ಬಿಸಿ ಸೀಮೆಯಲ್ಲಿ. ಇಲ್ಲಿ ಕಾಟ ಕೊಡುವುದು ಮೊಟ್ಟೆ ಕದಿಯುವ ಆಳುದ್ದದ ಉಡ, ಬಾಣಲೆಯಿಂದಲೇ ತಿಂಡಿ ಹಾರಿಸುವ ಕೂಕಬುರ್ರ, ಮತ್ತು ಮೈಗೆ ಹತ್ತುವ ಉಣ್ಣೆ. ಮುಂಜಾನೆ ಸದ್ದಿಲ್ಲದೆ ಮಡುವಿನ ಪಕ್ಕ ಕೂತರೆ ಪ್ಲಾಟಿಪಸ್ ಕಂಡರೂ ಕಾಣಬಹುದು. ಸಿಗಡಿ ಹಿಡಿಯುವ, ಮೇಲ್ಭಾಗ ಮುಚ್ಚಿದ 'ಆಪೆರಾ ಹೌಸ್' ಬಲೆಗಳಲ್ಲಿ ಅವು ಸಿಕ್ಕಿ ಉಸಿರುಗಟ್ಟಿ ಸಾಯುತ್ತಿದ್ದುದರಿಂದ ವಿಕ್ಟೋರಿಯಾ 2019ರಲ್ಲಿ, ನ್ಯೂ ಸೌತ್ ವೇಲ್ಸ್ 2021ರಲ್ಲಿ ಆ ಬಲೆಗಳನ್ನು ನಿಷೇಧಿಸಿದವು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದವರು ದಂಡ ಕಟ್ಟಬೇಕಾದೀತು.

ಹಾವಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಊರಿನಲ್ಲಿ ಕಲಿತದ್ದು ಇಲ್ಲಿ ಬೇರೆ. ಈಸ್ಟರ್ನ್ ಬ್ರೌನ್, ಕೆಂಪು ಹೊಟ್ಟೆಯ ಕರಿಹಾವು ಇವೆಲ್ಲ ನಾಗರಹಾವಿನ ವಂಶದವು. ಇವುಗಳ ವಿಷ ಕಚ್ಚಿದ ಜಾಗದಿಂದ ದುಗ್ಧರಸದ ನಾಳಗಳಲ್ಲಿ ಸಾಗುತ್ತದೆ. ಮಾಂಸಖಂಡ ಅಲುಗಿದಷ್ಟೂ ಬೇಗ. ಮೆಲ್ಬರ್ನ್‌ನ ವೈದ್ಯ ಸ್ಟ್ರೂವಾನ್ ಸದರ್ಲೆಂಡ್ 1970ರ ದಶಕದ ಕೊನೆಗೆ ಇದಕ್ಕೊಂದು ಸರಳ ಕ್ರಮ ತೋರಿಸಿದರು: ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಉಳುಕಿಗೆ ಕಟ್ಟುವಷ್ಟು ಬಿಗಿಯಾಗಿ ಇಡೀ ಕೈಗೋ ಕಾಲಿಗೋ ಸುತ್ತಿ, ಕೋಲು ಕಟ್ಟಿ, ಕಚ್ಚಿಸಿಕೊಂಡವರನ್ನು ಅಲುಗಾಡಲು ಬಿಡದೆ ನೆರವನ್ನು ಅಲ್ಲಿಗೇ ಕರೆಸುವುದು. ಗಾಯ ತೊಳೆಯುವುದಿಲ್ಲ, ಚರ್ಮಕ್ಕೆ ಹತ್ತಿದ ವಿಷವೇ ಯಾವ ಹಾವೆಂದು ಆಸ್ಪತ್ರೆಯಲ್ಲಿ ಹೇಳಬಲ್ಲದು. ಇದನ್ನೇ ಕರ್ನಾಟಕದಲ್ಲಿ ಮಾಡಹೋಗಬೇಡಿ. ನಮ್ಮಲ್ಲಿ ಕೊಳಕುಮಂಡಲ, ಗರಗಸಮಂಡಲಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಬಿಗಿದು ಕಟ್ಟಿದರೆ ಅಂಗಕ್ಕೇ ಕೇಡು. ಅಲ್ಲಿ ಅಲುಗಿಸದೆ ಆಸ್ಪತ್ರೆಗೆ ಓಡುವುದು, ಇಲ್ಲಿ ಕಟ್ಟಿ ಕೂರುವುದು.

ನೆರವು ಕರೆಸುವುದು ಅಂದೆನಲ್ಲ, ಅದೇ ಪ್ರಶ್ನೆ. ಇಲ್ಲಿನ ತುರ್ತು ನಂಬರು 000, ಆದರೆ ಸಿಗ್ನಲ್ ಇಲ್ಲ. ಪರ್ಸನಲ್ ಲೊಕೇಟರ್ ಬೀಕನ್ ಎಂಬ ಅಂಗೈಯಗಲದ ಉಪಕರಣವನ್ನು ಒತ್ತಿದರೆ 406 ಮೆಗಾಹರ್ಟ್ಜ್‌ನಲ್ಲಿ ಉಪಗ್ರಹಕ್ಕೆ ಕರೆ ಹೋಗಿ ಕ್ಯಾನ್‌ಬೆರಾದ ಪಾರುಗಾಣಿಕಾ ಕೇಂದ್ರಕ್ಕೆ ನಿಮ್ಮ ಜಾಗ ತಿಳಿಯುತ್ತದೆ. ತಿಂಗಳ ಬಾಡಿಗೆಯಿಲ್ಲ, ನೋಂದಣಿ ಉಚಿತ. ನನ್ನ ಕೇಳಿದರೆ ಎರಡನೆಯ ಬ್ಯಾಟರಿಯ ದುಡ್ಡಿನಲ್ಲಿ ಮೊದಲು ಕೊಳ್ಳಬೇಕಾದ್ದು ಇದು. ಕಾರಿನ ಯುಎಚ್‌ಎಫ್ ರೇಡಿಯೊದಲ್ಲಿ 5 ಮತ್ತು 35ನೇ ಚಾನೆಲ್ಲುಗಳನ್ನು ತುರ್ತಿಗೆಂದೇ ಬಿಟ್ಟಿದ್ದಾರೆ, ಅಲ್ಲಿ ಹರಟೆ ಕೊಚ್ಚುವುದು ಕಾನೂನಿಗೆ ವಿರುದ್ಧ. ಬೀಕನ್ ಒತ್ತಿದ ಮೇಲೆ ನೆರೆಯಲ್ಲಿ ದೋಣಿ ತರುವವರು, ಕಾಳ್ಗಿಚ್ಚಿನಲ್ಲಿ ನೀರಿನ ಲಾರಿ ತರುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಈ ರಾಜ್ಯದ ಗ್ರಾಮೀಣ ಅಗ್ನಿಶಾಮಕ ದಳದಲ್ಲೇ ಅಂಥವರು ಎಪ್ಪತ್ತು ಸಾವಿರದ ಆಸುಪಾಸು. ನಮ್ಮ ಸ್ವಾವಲಂಬನೆಗೆ ಇವರೆಲ್ಲ ಹಿಂದಿನಿಂದ ಊರುಗೋಲು ಹಿಡಿದಿದ್ದಾರೆ. ಸ್ವಂತ ಬಲದ ಮೇಲೆ ಕಾಡಿನಲ್ಲಿದ್ದು ಬಂದೆ ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಮುಜುಗರ.

ನಿರ್ಜನ ಎನ್ನುವ ವರ್ಣನೆಯೂ ಅಷ್ಟೆ. ಮಕ್ಲೇ ಕಣಿವೆ ಡುಂಗುಟ್ಟಿ ಜನರ ನೆಲ. ಬೇಲಿ ಬರುವುದಕ್ಕೆ ಸಾವಿರಾರು ವರ್ಷ ಮೊದಲಿಂದ ಅವರು ಈ ದಂಡೆಯಲ್ಲೇ ಬೆಂಕಿ ಹಾಕಿ, ಮೀನು ಸುಟ್ಟು, ಮಲಗಿದ್ದಾರೆ, ಇವತ್ತೂ ಬೆಲ್‌ಬ್ರೂಕ್, ಕೆಂಪ್ಸಿಗಳಲ್ಲಿ ಇದ್ದಾರೆ. ಅಂಚು ಕೆತ್ತಿದ ಕಲ್ಲಿನ ಚೂರು ಮರಳಲ್ಲಿ ಸಿಕ್ಕರೆ ನೋಡಿ ಅಲ್ಲೇ ಇಡಬೇಕು, ಜೇಬಿಗೆ ಹಾಕಿಕೊಳ್ಳುವುದು ಅಪರಾಧ.

ಜಮೀನಿನ ಮರ್ಯಾದೆಗಳು ಕೆಲವೇ. ಗೇಟು ತೆರೆದಿದ್ದರೆ ತೆರೆದೇ ಬಿಡುವುದು, ಮುಚ್ಚಿದ್ದರೆ ದಾಟಿ ಮುಚ್ಚುವುದು. ದನಗಳಿಗೆ ನೀರಿನ ದಾರಿಯೆಂದು ಬೇಕಂತಲೇ ತೆರೆದಿಟ್ಟ ಗೇಟನ್ನು ಒಳ್ಳೆಯತನದಿಂದ ಮುಚ್ಚಿದರೂ ನಷ್ಟವೇ. ನಾಯಿಯನ್ನು ಕೇಳದೆ ಕರೆತರಬಾರದು. ಕಾಡುನಾಯಿಗಳಿಗೆಂದು ಈ ಕಮರಿಗಳಲ್ಲಿ ಟೆನ್-ಎಯ್ಟಿ ಎಂಬ ವಿಷದ ಮಾಂಸ ಹಾಕುತ್ತಾರೆ, ಸಾಕುನಾಯಿ ಒಂದು ತುಂಡು ತಿಂದರೆ ಮುಗಿಯಿತು. ಇನ್ನೊಂದು ಸೀಮೆಯ ಕಳೆಬೀಜ ಟೈರಿನಲ್ಲಿ ಹತ್ತಿಕೊಂಡು ಬರದ ಹಾಗೆ ಹೊರಡುವ ಮೊದಲು ಗಾಡಿಯ ಹೊಟ್ಟೆ ತೊಳೆಯಬೇಕು.

ಹೊರಡುವ ದಿನದ ಕೆಲಸ ಬಂದ ದಿನದ್ದಕ್ಕಿಂತ ಹೆಚ್ಚು. ಟೆಂಟಿನ ಗೂಟ, ಬಾಟಲಿಯ ಮುಚ್ಚಳ, ಟೀ ಚೀಲದ ದಾರ, ಕಿತ್ತಳೆ ಸಿಪ್ಪೆ ಎಲ್ಲವನ್ನೂ ಬಗ್ಗಿ ಹೆಕ್ಕಬೇಕು. ಸಿಪ್ಪೆ ಕೊಳೆಯುತ್ತದೆ ಬಿಡಿ ಎನ್ನುವವರು ಅದು ಒಣಹವೆಯಲ್ಲಿ ಎಷ್ಟು ತಿಂಗಳು ಬಿದ್ದಿರುತ್ತದೆಂದು ನೋಡಿಲ್ಲ. ಕಸದ ಚೀಲಕ್ಕೆ ಇನ್ನೊಂದು ಚೀಲ ಹೊದಿಸಿ ಬಾಯಿ ಬಿಗಿದು, ಹಿಂಬದಿಯ ಸ್ಟೆಪ್ನಿಗೆ ತೂಗುಹಾಕಿದರೆ ವಾಸನೆ ಹೊರಗೇ ಇರುತ್ತದೆ. ಕ್ಯಾಸೆಟ್ಟು ನೆಟ್ಟಗೆ ನಿಂತಿದೆಯೇ, ಮುಚ್ಚಳ ಬಿಗಿಯಿದೆಯೇ ಎಂದು ಎರಡು ಸಲ ನೋಡುವುದು. ಮನೆಯಲ್ಲಿ ಯಾರಿಗೆ ವಾಪಸ್ಸಿನ ಹೊತ್ತು ಹೇಳಿ ಬಂದಿದ್ದೀರೋ ಅವರಿಗೆ ಸಿಗ್ನಲ್ ಬಂದ ಮೊದಲ ತಿರುವಿನಲ್ಲೇ ಒಂದು ಸಂದೇಶ ಕಳಿಸುವುದು, ಇಲ್ಲದಿದ್ದರೆ ಸಂಜೆಗೆ ಅವರು ಪೊಲೀಸರಿಗೆ ಫೋನು ಮಾಡುತ್ತಾರೆ. ಉಳಿದ ನೀರು ಭಾರವೆಂದು ಗಿಡಕ್ಕೆ ಚೆಲ್ಲುವ ಚಾಳಿ ಕೆಲವರಿಗಿದೆ. ಕೊನೆಯ ಕ್ಯಾನು ತುಂಬಿಯೇ ಇರಲಿ, ಟಾರು ರಸ್ತೆ ಹತ್ತುವ ತನಕ. ರೇಡಿಯೇಟರು ಬಾಯಿಬಿಡುವುದು, ಟೈರು ಸೀಳುವುದು ಎಲ್ಲ ಆ ನಡುವಿನ ಜಲ್ಲಿ ದಾರಿಯಲ್ಲೇ.